ಉಚ್ಚೆ ಹೊಯ್ದದ್ದು ನಾಯಿಮರಿ, ತಪ್ಪು ಮಾಡಿದ್ದು ನಾವು

ನಮ್ಮ ಮನೆಯ ಮೊದಲ ನಾಯಿಮರಿಯನ್ನು ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬಂದವರಲ್ಲಿ ನಾನೂ ಒಬ್ಬ. ಆಗ ಪಿಯುಸಿ ಓದುತ್ತಿದ್ದೆ. ಗಾಡಿ ಓಡಿಸಿದ್ದು ಚಿಕ್ಕಪ್ಪ, ಹಿಂದೆ ಕೂತು ಚೀಲ ಹಿಡಿದುಕೊಂಡಿದ್ದು ನಾನು. ಪಕ್ಕದೂರಿನ ಸಂತೆ ಮಾಳದ ಹತ್ತಿರ ಚೀಲದ ಬಾಯಿ ಬಿಚ್ಚಿದೆವು. ಮರಿ ಹೊರಗೆ ಬಂದು ಮೈ ಕೊಡವಿತು. ಸೀದಾ ಹುಣಸೆ ಮರದ ಬುಡಕ್ಕೆ ಹೋಗಿ ಉಚ್ಚೆ ಹೊಯ್ದಿತು.

ಚಿಕ್ಕಪ್ಪ, "ನೋಡ್ಲಾ, ಇಲ್ಲಿ ಎಷ್ಟು ನೀಟಾಗಿ ಮರ ಹುಡುಕ್ಕಂಡು ಹೋಯ್ತು. ನಮ್ಮನೇಲಿ ಇದಕ್ಕೆ ದೇವರ ಕೋಣೆ ಬಾಗಿಲೇ ಬೇಕಿತ್ತು" ಅಂದರು. ನಾನು ನಕ್ಕೆ. ಆ ನಗು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕೆಂಚ ಅಂತ ಹೆಸರಿಟ್ಟಿದ್ದೆವು. ನಮ್ಮನೆಯಲ್ಲಿ ಇದ್ದದ್ದು ಇಪ್ಪತ್ತೇ ದಿನ. ಹೊಸದಾಗಿ ಟೈಲ್ಸ್ ಹಾಕಿಸಿದ ಮನೆ. ದಿನಕ್ಕೆ ಐದಾರು ಸಲ ಯಾವುದಾದರೂ ಮೂಲೆಯಲ್ಲಿ ಗಲೀಜು ಮಾಡುತ್ತಿತ್ತು. ಹೊಡೆದೆವು. ಮೂತಿಯನ್ನು ಅದರಲ್ಲೇ ಒತ್ತಿ ಉಜ್ಜಿದೆವು. ಕಂಬಕ್ಕೆ ಕಟ್ಟಿದೆವು. ಮಾಡದೆ ಬಿಟ್ಟ ಕೆಲಸ ಒಂದೇ. ಸರಿಯಾದ ಹೊತ್ತಿಗೆ ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಲಿಲ್ಲ. ಮನೆಯಲ್ಲಿ ಆರು ಜನ ಇದ್ದೆವು. ಒಬ್ಬರೂ ಹೋಗಲಿಲ್ಲ, ಒಂದು ಸಲವೂ ಹೋಗಲಿಲ್ಲ.

ಅದಕ್ಕೇ ನೇರವಾಗಿ ಹೇಳುತ್ತೇನೆ. ಮನೆಯೊಳಗೆ ಗಲೀಜು ಮಾಡುವುದು ಮರಿಯ ತಪ್ಪಲ್ಲ, ಕಲಿಸದ ಮನೆಯವರ ತಪ್ಪು. ಆದರೆ ಆ ತಪ್ಪಿಗೆ ಏಟು ತಿನ್ನುವುದು ಮರಿ, ಬೀದಿಗೆ ಬೀಳುವುದು ಮರಿ. ಕೊನೆಗೆ ಕಡಿಸಿಕೊಳ್ಳುವುದು ಯಾರದೋ ಮನೆಯ ಮಗು.

ಬೀದಿಗೆ ಬಿಟ್ಟವರು ಯಾರು?

2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಾಗ ದೇಶವೆಲ್ಲ ಎರಡು ಪಕ್ಷವಾಗಿ ಜಗಳಕ್ಕೆ ನಿಂತಿತು. ನಮ್ಮೂರ ಅರಳಿಕಟ್ಟೆಯಲ್ಲೂ ಅದೇ ಮಾತು. "ಎಲ್ಲಾನೂ ಹಿಡಿದು ಸಾಗಿಸಬೇಕು" ಎಂದು ಜೋರಾಗಿ ಹೇಳಿದವರಲ್ಲಿ ನಮ್ಮ ಚಿಕ್ಕಪ್ಪನೂ ಇದ್ದರು. ಅವರ ಮುಖ ನೋಡಿದೆ. ಸಂತೆ ಮಾಳ ಅವರಿಗೆ ನೆನಪಿದ್ದ ಹಾಗೆ ಕಾಣಲಿಲ್ಲ.

ಬೀದಿಯಲ್ಲಿರುವ ಎಲ್ಲ ನಾಯಿಯೂ ಮನೆಯವರು ಬಿಟ್ಟದ್ದಲ್ಲ ಎಂಬುದು ನಿಜ. ಬಹಳಷ್ಟು ಅಲ್ಲೇ ಹುಟ್ಟಿದವು. ಆದರೆ ಬಿಟ್ಟು ಬಂದ ಒಂದು ಹೆಣ್ಣುಮರಿ ಸಾಮಾನ್ಯವಾಗಿ ವರ್ಷದೊಳಗೇ ಬೆದೆಗೆ ಬರುತ್ತದೆ. ಒಂದು ಸೂಲಿಗೆ ನಾಲ್ಕೈದು ಮರಿ ಹಾಕಿದರೆ ಆಶ್ಚರ್ಯವಿಲ್ಲ. ಅವಕ್ಕೆ ಲಸಿಕೆ ಹಾಕಿಸುವವರು ಯಾರು? ರೇಬಿಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕಿದ ಉದಾಹರಣೆ ಇಲ್ಲವೆನ್ನುವಷ್ಟು ಕಡಿಮೆ. ಟೈಲ್ಸ್ ಮೇಲೆ ಬಿದ್ದ ನಾಲ್ಕು ಹನಿ ಉಚ್ಚೆಯಿಂದ ಶುರುವಾದ ಕತೆ ಅಲ್ಲಿಗೂ ಹೋಗಿ ಮುಟ್ಟಬಹುದು.

"ನಾಯಿ ಬಾಲ ಡೊಂಕು" ಅನ್ನುವುದು ಸುಲಭ. ಕಲಿಸದವರಿಗೆ ಅದೊಂದು ಒಳ್ಳೆಯ ನೆಪ. ಬಾಲ ಡೊಂಕೇ ಇರಲಿ, ಉಚ್ಚೆ ಹೊಯ್ಯುವ ಜಾಗವನ್ನು ನಾಯಿ ಕಲಿಯುತ್ತದೆ. ಕಲಿಯುವುದಿಲ್ಲ ಎನ್ನುವವರು ಕಲಿಸಿ ನೋಡಿದ್ದಾರೆಯೇ, ಮೊದಲು ಹೇಳಲಿ.

ಮರಿಗೆ ಅರ್ಧ ಪಾಠ ತಾಯಿಯೇ ಹೇಳಿಕೊಟ್ಟಿರುತ್ತದೆ

ಹುಟ್ಟಿದ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ನೆಕ್ಕಿ ನೆಕ್ಕಿ ಮಾಡಿಸುತ್ತದೆ, ತಾನೇ ಚೊಕ್ಕಟ ಮಾಡುತ್ತದೆ. ಸುಮಾರು ಮೂರು ವಾರವಾದ ಮೇಲೆ ಮರಿಗಳು ತಟ್ಟಾಡುತ್ತಾ ಮಲಗುವ ಜಾಗ ಬಿಟ್ಟು ಆಚೆ ಹೋಗಿ ಮಾಡಲು ಶುರು ಮಾಡುತ್ತವೆ. ಮಲಗುವ ಕಡೆ ಗಲೀಜು ಬೇಡ ಎಂಬ ಬುದ್ಧಿ ನಾಯಿಗೆ ನಾವು ಕೊಟ್ಟದ್ದಲ್ಲ, ಹುಟ್ಟಿನಿಂದಲೇ ಇದೆ. ತಾನು ಮಲಗುವುದು ಬಾಗಿಲ ಹತ್ತಿರದ ಗೋಣಿತಾಟಿನ ಮೇಲೆ, ದೇವರ ಕೋಣೆ ಅಲ್ಲಿಂದ ದೂರ. ಹಾಗಾಗಿ ಮರಿಯ ಲೆಕ್ಕದಲ್ಲಿ ದೇವರ ಕೋಣೆಯ ಬಾಗಿಲೇ ಹಿತ್ತಲು. ಪೂರ್ತಿ ಮನೆಯೇ ಮನೆ ಎಂದು ಹೇಳಿಕೊಡಬೇಕಾದವರು ನಾವು.

ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಎರಡು ಮೂರು ಗಂಟೆ ತಡೆದುಕೊಳ್ಳಲು ಆದೀತು. ಎಚ್ಚರವಾಗಿ ಆಡುತ್ತಿದ್ದರೆ ಅಷ್ಟೂ ಆಗುವುದಿಲ್ಲ. ಹೊಟ್ಟೆಗೆ ಬಿದ್ದ ಕೂಡಲೇ ಕರುಳು ಕೆಲಸ ಶುರು ಮಾಡುತ್ತದೆ. ಇದು ನಮಗೂ ಹಾಗೇ, ನಾಯಿಗೂ ಹಾಗೇ. ಬೆಳಿಗ್ಗೆ ಕಾಫಿ ಕುಡಿದು ನಾವು ಎಲ್ಲಿಗೆ ಓಡುತ್ತೇವೆ? ಮರಿ ಹಾಲು ಕುಡಿದು ಬಾಗಿಲ ಕಡೆ ನೋಡಿದರೆ ಬಾಗಿಲು ಹಾಕಿರುತ್ತದೆ. ಅದು ಏನು ಮಾಡಬೇಕು, ಚಿಲಕ ತೆಗೆಯಬೇಕೇ?

ಏಟು ಏನು ಕಲಿಸುತ್ತದೆ?

ಗದ್ದೆಯಿಂದ ಸಂಜೆ ಬರುತ್ತೀರಿ. ಮಧ್ಯಾಹ್ನ ಮಾಡಿದ ಗಲೀಜು ಕಣ್ಣಿಗೆ ಬೀಳುತ್ತದೆ. ಮರಿಯನ್ನು ಎಳೆದು ತಂದು ಮೂತಿ ಉಜ್ಜಿ ನಾಲ್ಕು ಬಾರಿಸುತ್ತೀರಿ. ಮಧ್ಯಾಹ್ನದ ಕೆಲಸಕ್ಕೂ ಸಂಜೆಯ ಏಟಿಗೂ ಮರಿ ಗಂಟು ಹಾಕಲಾರದು. ಮಾಡಿದ ಕ್ಷಣದಲ್ಲೇ ಸಿಕ್ಕಿದ್ದು ಮಾತ್ರ ಅದಕ್ಕೆ ಪಾಠ. ಅದು ಕಲಿಯುವುದು ಇಷ್ಟೇ: ಯಜಮಾನ ಬಂದಾಗ ಗಲೀಜು ಕಂಡರೆ ಪೆಟ್ಟು ಬೀಳುತ್ತದೆ. ಅಂದರೆ ಯಜಮಾನನ ಕಣ್ಣಿಗೆ ಬೀಳಬಾರದು.

ಅಲ್ಲಿಂದ ಅದು ಮಂಚದ ಕೆಳಗೆ ಹೋಗುತ್ತದೆ, ರಾಗಿ ಮೂಟೆಯ ಹಿಂದೆ ಹೋಗುತ್ತದೆ. "ಬೇಕಂತಲೇ ಕದ್ದು ಮಾಡ್ತದೆ" ಎಂದು ಇನ್ನೆರಡು ಕೊಡುತ್ತೀರಿ. ಕದ್ದು ಮಾಡುವುದನ್ನು ಕಲಿಸಿದ್ದೇ ನೀವು. ಇನ್ನೂ ಕೆಟ್ಟದ್ದೇನೆಂದರೆ, ನಿಮ್ಮ ಮುಂದೆ ಉಚ್ಚೆ ಹೊಯ್ಯಲು ಹೆದರುವ ಮರಿ ಹಿತ್ತಲಿಗೆ ಕರೆದುಕೊಂಡು ಹೋದರೂ ಹೊಯ್ಯುವುದಿಲ್ಲ. ಒಳಗೆ ಬಂದು ನೀವು ಆಚೆ ತಿರುಗಿದ ಮೇಲೆ ಹೊಯ್ಯುತ್ತದೆ.

ಬೈದಾಗ ಕಿವಿ ಜೋತು ಬಿಟ್ಟು, ಬಾಲ ಮುದುರಿ, ಕಣ್ಣು ತಪ್ಪಿಸುತ್ತದಲ್ಲ, ಅದನ್ನು ನೋಡಿ "ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಅನ್ನುತ್ತೇವೆ. ಅದು ತಪ್ಪೊಪ್ಪಿಗೆಯಲ್ಲ, ಭಯ. ಕೆಲವು ಮರಿಗಳು ಗದರಿದ ಕೂಡಲೇ ನಿಂತಲ್ಲೇ ಉಚ್ಚೆ ಬಿಡುತ್ತವೆ. "ನಿನಗೆ ಶರಣು, ಹೊಡೆಯಬೇಡ" ಎಂದು ನಾಯಿ ಹೇಳುವ ರೀತಿ ಅದು. ಅದಕ್ಕೂ ಹೊಡೆದರೆ, ಅಳುವ ಮಗುವಿಗೆ ಅಳಬೇಡ ಎಂದು ಬಾರಿಸಿದ ಹಾಗೆ.

ಅಜ್ಜಿ ಕಲಿಸಿದ ಪಾಠ

ಕೆಂಚನನ್ನು ಬಿಟ್ಟು ನಾಲ್ಕು ವರ್ಷವಾದ ಮೇಲೆ ತಂಗಿ ಶಾಲೆಯ ಹಿಂದಿನಿಂದ ಒಂದು ಕರಿ ಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದಳು. ಅಪ್ಪ ಬಾಗಿಲಲ್ಲೇ ತಡೆದರು. ಆಗ ಬಾಯಿ ಬಿಟ್ಟವರು ಅಜ್ಜಿ. "ಮಗೀಗೆ ಹಾಲು ಕುಡಿಸಿ, ಕಾಲ್ಮೇಲೆ ಕೂರುಸ್ಕಂಡು ಸ್ಸ್ಸ್ ಅನ್ನಲ್ವೇನ್ಲಾ? ಇದೂ ಮಗೀನೇ ಕಣ್ಲಾ. ಹೊತ್ತು ನೋಡ್ಕಂಡು ಆಚೆಗೆ ಎತ್ಕಂಡೋದ್ರೆ ಆಯ್ತು."

ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ. ನಮ್ಮ ಮನೆಗಳಲ್ಲಿ ಎಳೆ ಮಗುವನ್ನು ಪಾದಗಳ ಮೇಲೆ ಕೂರಿಸಿ ಸದ್ದು ಮಾಡಿ ಉಚ್ಚೆ ಹೊಯ್ಯಿಸುವುದನ್ನು ಎಲ್ಲರೂ ನೋಡಿದ್ದೇವೆ. ದಿನಾ ಅದೇ ಹೊತ್ತು, ಅದೇ ಸದ್ದು. ಕೊನೆಗೆ ಸದ್ದು ಕೇಳಿದರೆ ಸಾಕು, ಮಗು ಹೊಯ್ಯುತ್ತದೆ. ಒಂದು ಸದ್ದು ಮತ್ತೆ ಮತ್ತೆ ಒಂದು ಅನುಭವದ ಜೊತೆಗೂಡಿದರೆ ಮೈ ಆ ಸದ್ದಿಗೇ ಸಿದ್ಧವಾಗುತ್ತದೆ ಎಂದು ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳ ಮೇಲೇ ಪ್ರಯೋಗ ಮಾಡಿ ತೋರಿಸಿದರು. ನಮ್ಮ ಅಜ್ಜಿಯರು ಪಾವ್ಲೋವ್ ಹೆಸರು ಕೇಳಿದವರಲ್ಲ. ಆದರೆ ಕೆಲಸ ಬಲ್ಲವರು.

ಆ ಕರಿ ಮರಿ ಸುಮಾರು ನಾಲ್ಕು ವಾರದಲ್ಲಿ ಹಿತ್ತಲ ಬಾಗಿಲಿಗೆ ಹೋಗಿ ಕುಂಯ್ ಅನ್ನಲು ಕಲಿಯಿತು. ಮಧ್ಯೆ ಹತ್ತಾರು ಸಲ ತಪ್ಪಿತು. ಯಾರೂ ಕೈ ಎತ್ತಲಿಲ್ಲ. ನಾವು ಮಾಡಿದ್ದು ಇಷ್ಟು:

1. ಹಿತ್ತಲಲ್ಲಿ ಒಂದು ಮೂಲೆ ಗೊತ್ತು ಮಾಡಿಕೊಂಡೆವು. ದಿನಾ ಅದೇ ಬಾಗಿಲು, ಅದೇ ಮೂಲೆ. ಅಲ್ಲಿನ ವಾಸನೆಯೇ ಮರಿಗೆ ಗುರುತು.

2. ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಹತ್ತು ಹದಿನೈದು ನಿಮಿಷಕ್ಕೆ, ಆಟ ಆಡಿದ ಮೇಲೆ, ರಾತ್ರಿ ಮಲಗುವ ಮುಂಚೆ ಹೊರಗೆ ಕರೆದುಕೊಂಡು ಹೋದೆವು. ಹಗಲಲ್ಲಿ ಎರಡು ಗಂಟೆಗೊಮ್ಮೆ. ಮೊದಲ ಕೆಲವು ವಾರ ನಡುರಾತ್ರಿ ಒಂದು ಸಲ.

3. ಬಿಟ್ಟು ಬರಲಿಲ್ಲ, ಜೊತೆಗೆ ನಿಂತೆವು. ಕೆಲಸ ಮುಗಿದ ಕ್ಷಣದಲ್ಲೇ ತಲೆ ಸವರಿ, ಒಂದು ಚೂರು ರೊಟ್ಟಿ ಕೊಟ್ಟೆವು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನವಾಗುತ್ತದೆ.

4. ಊಟ ಗೊತ್ತಾದ ಹೊತ್ತಿಗೆ. ತಟ್ಟೆ ಇಡೀ ದಿನ ಇಡಲಿಲ್ಲ. ಊಟಕ್ಕೆ ಹೊತ್ತಿದ್ದರೆ ಹೊರಗೆ ಹೋಗುವುದಕ್ಕೂ ಹೊತ್ತು ಕೂಡಿ ಬರುತ್ತದೆ. ನೀರು ಮಾತ್ರ ಯಾವಾಗಲೂ ಇರಬೇಕು. ಉಚ್ಚೆ ಹೊಯ್ಯುತ್ತದೆ ಎಂದು ನೀರು ತಪ್ಪಿಸುವುದು ಕ್ರೌರ್ಯ.

5. ಮರಿ ನೆಲ ಮೂಸುತ್ತಾ ಸುತ್ತು ಹೊಡೆಯಲು ಶುರು ಮಾಡಿದರೆ ಸದ್ದಿಲ್ಲದೆ ಎತ್ತಿಕೊಂಡು ಆಚೆ ಓಡಬೇಕು. ಅದು ಮರಿ ಕೊಡುವ ಮುನ್ಸೂಚನೆ.

6. ಒಳಗೆ ಮಾಡಿಬಿಟ್ಟರೆ ಬಾಯಿ ಮುಚ್ಚಿಕೊಂಡು ಬಳಿಯಬೇಕು. ಸೋಪಿನ ನೀರಲ್ಲಿ ತೊಳೆದು, ವಿನೆಗರ್ ಅಥವಾ ನಿಂಬೆರಸ ಬೆರೆಸಿದ ನೀರಲ್ಲಿ ಒರೆಸಿದರೆ ವಾಸನೆ ಕಡಿಮೆಯಾಗುತ್ತದೆ. ವಾಸನೆ ಉಳಿದರೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಫಿನಾಯಿಲ್ ಸುರಿಯಬೇಡಿ. ಅದರ ಮೇಲೆ ಓಡಾಡಿ ಕಾಲು ನೆಕ್ಕುವ ಮರಿಗೆ ಅದು ಒಳ್ಳೆಯದಲ್ಲ.

ಎಲ್ಲ ಮರಿಯೂ ನಾಲ್ಕು ವಾರಕ್ಕೆ ಕಲಿಯುತ್ತದೆ ಎಂದು ಹೇಳುವುದಿಲ್ಲ. ಪೂರ್ತಿ ನಂಬಿಕೆ ಬರಲು ಕೆಲವಕ್ಕೆ ಐದಾರು ತಿಂಗಳೂ ಬೇಕು. ಚೆನ್ನಾಗಿ ಕಲಿತ ನಾಯಿ ಇದ್ದಕ್ಕಿದ್ದಂತೆ ಒಳಗೆ ಮಾಡಲು ಶುರು ಮಾಡಿದರೆ ಕೋಲು ಹುಡುಕಬೇಡಿ, ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಹೊಟ್ಟೆಹುಳ, ಭೇದಿ, ಮೂತ್ರದ ಸೋಂಕು ಏನಾದರೂ ಇರಬಹುದು.

ಎಲ್ಲಿ ಮಾಡುತ್ತದೆ ಎಂಬುದು ದನಕ್ಕೂ ಮುಖ್ಯ

"ನಮ್ಮ ನಾಯಿ ಮನೆಯೊಳಗೆ ಬರಲ್ಲ, ನಮಗೆ ಈ ರಗಳೆ ಇಲ್ಲ" ಅನ್ನುವವರಿದ್ದಾರೆ. ಹಾಗಾದರೆ ಎಲ್ಲಿ ಮಾಡುತ್ತದೆ? ಪಕ್ಕದ ಮನೆಯ ರಂಗೋಲಿಯ ಮೇಲೆಯೇ? ಅಂಗನವಾಡಿಯ ಮೆಟ್ಟಿಲ ಹತ್ತಿರವೇ? ಹುಲ್ಲಿನ ಬಣವೆಯ ಬುಡದಲ್ಲೇ?

ಬಣವೆ ಎಂದಾಗ ಹೈನುಗಾರರು ಕಿವಿಗೊಡಬೇಕು. ನಾಯಿಯ ಮಲದ ಮೂಲಕ ಹರಡುವ ನಿಯೋಸ್ಪೋರಾ ಎಂಬ ಪರೋಪಜೀವಿ ಇದೆ. ಅದು ಮೇವು, ನೀರಿನ ಜೊತೆ ಹಸುವಿನ ಹೊಟ್ಟೆಗೆ ಸೇರಿದರೆ ಗಬ್ಬ ಕಂದಿಹೋಗಬಹುದು. ಕುರಿ, ಮೇಕೆ, ದನಗಳ ಈಲಿಯಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆಯಂತಹ ಗಂಟು ಬೆಳೆಸುವ ಒಂದು ಲಾಡಿಹುಳವೂ ನಾಯಿಯ ಮಲದಿಂದಲೇ ಹರಡುತ್ತದೆ, ಅದು ಮನುಷ್ಯರಿಗೂ ಬರುತ್ತದೆ. ಮರಿಗಳ ಮಲದಲ್ಲಿರುವ ಜಂತುಹುಳದ ಮೊಟ್ಟೆಗಳು ಮಣ್ಣಲ್ಲಿ ಆಡುವ ಮಕ್ಕಳ ಬಾಯಿ ಸೇರುತ್ತವೆ.

ಆದ್ದರಿಂದ ನೀವು ಗೊತ್ತು ಮಾಡುವ ಮೂಲೆ ಕೊಟ್ಟಿಗೆ, ಬಣವೆ, ಬಾವಿ, ಸೊಪ್ಪಿನ ಮಡಿ ಇವುಗಳಿಂದ ದೂರ ಇರಲಿ. ಗಲೀಜನ್ನು ತೆಗೆದು ಹೂಳಿ. ದನ ಕುರಿಯ ಕಸವನ್ನಾಗಲಿ, ಹಸಿ ಕರುಳನ್ನಾಗಲಿ ನಾಯಿಗೆ ಹಾಕಬೇಡಿ. ಹುಳದ ಔಷಧಿ ಕಾಲಕಾಲಕ್ಕೆ ಕೊಡಿಸಿ. ಮೂರು ತಿಂಗಳಿಗೆ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಹಾಗೆ ವರ್ಷ ವರ್ಷ ಹಾಕಿಸಿ. ಲಸಿಕೆಗಳು ಮುಗಿಯುವ ತನಕ ಮರಿಯನ್ನು ಬೀದಿಗೆ ಬಿಡದೆ ಸ್ವಂತ ಹಿತ್ತಲಲ್ಲೇ ಕಲಿಸುವುದು ಕ್ಷೇಮ. ಪಾರ್ವೋ ರೋಗದ ವೈರಾಣು ಮಣ್ಣಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಮರಿ ತರುವವರು ಯಾರು, ಬಳಿಯುವವರು ಯಾರು?

ಈಗ ಯಾರೂ ಹೇಳದ ಮಾತು. ಮರಿ ತರುವುದು ಹೆಚ್ಚಾಗಿ ಗಂಡಸರು, ಹುಡುಗರು. ಪೇಟೆಯಿಂದ ಸಾವಿರಾರು ರೂಪಾಯಿ ಕೊಟ್ಟು ಲ್ಯಾಬ್ರಡಾರ್ ತಂದು ಸ್ಟೇಟಸ್‌ಗೆ ಫೋಟೋ ಹಾಕುತ್ತಾರೆ. ಎರಡನೇ ದಿನದಿಂದ ನೆಲ ಬಳಿಯುವುದು ಅಮ್ಮ, ಅತ್ತಿಗೆ, ಅಜ್ಜಿ. ಈಗಾಗಲೇ ಕೊಟ್ಟಿಗೆ, ಒಲೆ, ನೀರು, ಕೂಲಿ ಎಲ್ಲಾ ಮಾಡುವ ಹೆಂಗಸಿನ ತಲೆಗೆ ಇನ್ನೊಂದು ಹೊರೆ. ನಾಲ್ಕನೇ ವಾರಕ್ಕೆ ಅವರು, "ಇದನ್ನ ಎಲ್ಲಾದರೂ ಬಿಟ್ಟು ಬಾ" ಅಂದರೆ ಅವರಿಗೆ ಕರುಣೆ ಇಲ್ಲ ಎನ್ನುತ್ತೇವೆ. ಕೆಂಚನ ವಿಷಯದಲ್ಲಿ ನಮ್ಮಮ್ಮನ ಬಗ್ಗೆ ನಾನು ಹಾಗೇ ಅಂದುಕೊಂಡಿದ್ದೆ. ಆ ಇಪ್ಪತ್ತು ದಿನ ನಾನು ಒಂದು ಸಲ ಬಟ್ಟೆ ಹಿಡಿದು ನೆಲ ಒರೆಸಿರಲಿಲ್ಲ.

ಹೀಗೊಂದು ಕಟ್ಟಳೆ ಇರಲಿ: ಮರಿ ತಂದವರೇ ಬಳಿಯಬೇಕು, ತಂದವರೇ ನಡುರಾತ್ರಿ ಏಳಬೇಕು. ಇದಕ್ಕೆ ಒಪ್ಪದವರು ತರಬಾರದು. ಫೋಟೋಗೆ ಬೇಕಾದರೆ ಪಕ್ಕದ ಮನೆಯ ನಾಯಿ ಇದೆ.

"ನಾಯಿಗೆ ಇಷ್ಟೆಲ್ಲಾ ಯಾಕೆ?"

ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರವಾಗಿ ನಮ್ಮದೇ ಕತೆ ನೆನಪಿಸುತ್ತೇನೆ. ಬಯಲಿಗೆ ಹೋಗುವ ಅಭ್ಯಾಸ ಬಿಡಿಸಲು 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಯಿತು. ಹಳ್ಳಿಯ ಮನೆಗಳಿಗೆ ಶೌಚಾಲಯ ಕಟ್ಟಿಸಿಕೊಳ್ಳಲು 12,000 ರೂಪಾಯಿ ಪ್ರೋತ್ಸಾಹಧನ ಬಂತು. ಬೀದಿ ನಾಟಕ, ಗೋಡೆ ಬರಹ, ಗ್ರಾಮಸಭೆ ಎಲ್ಲಾ ಆಯಿತು. ಆದರೂ ಕಟ್ಟಿಸಿದ ಶೌಚಾಲಯದಲ್ಲಿ ಸೌದೆ ತುಂಬಿಟ್ಟವರನ್ನು ನಾವು ನೋಡಿಲ್ಲವೇ? ಆಗ "ಅಭ್ಯಾಸ ಬದಲಾಗೋಕೆ ಟೈಮ್ ಬೇಕು" ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಅದು ಸರಿಯಾದ ಮಾತೇ. ಓದು ಬಲ್ಲ, ಮಾತು ಬಲ್ಲ ನಮಗೆ ವರ್ಷಗಳು ಬೇಕಾದವು. ಎರಡು ತಿಂಗಳ ಮರಿಗೆ ಮೂರು ದಿನವೇ?

ಇನ್ನು ಕಾನೂನು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಸುಮ್ಮನೆ ಬಿಟ್ಟು ಹೋಗುವುದು ಅಪರಾಧ. ತೀರಾ ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ ಅಪರಾಧ. ಕಾಯ್ದೆಯಲ್ಲಿ ಬರೆದಿರುವ ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಹೌದು, ಐವತ್ತು ರೂಪಾಯಿ. ಅವತ್ತು ಸಂತೆ ಮಾಳಕ್ಕೆ ಹೋಗಿಬರಲು ಗಾಡಿಗೆ ಹಾಕಿಸಿದ ಪೆಟ್ರೋಲೇ ಅದಕ್ಕಿಂತ ಹೆಚ್ಚಾಗಿತ್ತು. ಇಂತಹ ಕಾಯ್ದೆಗೆ ಹೆದರುವವರು ಯಾರು? ದಂಡ ಹೆಚ್ಚಿಸಲಿ ಎಂದು ಒತ್ತಾಯಿಸೋಣ. ಆದರೆ ಅದು ಹೆಚ್ಚುವ ತನಕ ನಮ್ಮ ಮನಸ್ಸಾಕ್ಷಿಯೇ ಪೊಲೀಸ್ ಆಗಬೇಕು.

ಬಾಗಿಲು ತೆಗೆಯುವವರು ಬೇಕಿತ್ತು

ನಾಯಿ ಸಾಕಲೇಬೇಕು ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಮನೆಯಲ್ಲಿ ಹಗಲೆಲ್ಲ ಯಾರೂ ಇರದಿದ್ದರೆ ಎಳೆಮರಿ ತರಬೇಡಿ. ಬೇಕೇ ಬೇಕಿದ್ದರೆ ಬೆಳೆದ ನಾಯಿ ತನ್ನಿ, ಅದಕ್ಕೆ ತಡೆದುಕೊಳ್ಳುವ ಶಕ್ತಿ ಇರುತ್ತದೆ, ಬೇಗ ಕಲಿಯುತ್ತದೆ. 8 ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ತಂದ ಮೇಲೆ ಒಂದು ತಿಂಗಳು ಅದರ ಹೊತ್ತಿಗೆ ನೀವು ಬದುಕಿ, ಆಮೇಲೆ ಹತ್ತು ಹನ್ನೆರಡು ವರ್ಷ ನಿಮ್ಮ ಹೊತ್ತಿಗೆ ಅದು ಬದುಕುತ್ತದೆ.

ಆ ಕರಿ ನಾಯಿ ಈಗ ನಮ್ಮ ಹಿತ್ತಲ ಬಾಗಿಲಲ್ಲಿ ಮಲಗಿದೆ. ಅಜ್ಜಿ ಈಗ ಇಲ್ಲ. ರಾತ್ರಿ ಅದು ಕುಂಯ್ ಅಂದರೆ ಎದ್ದು ಚಿಲಕ ತೆಗೆಯುವ ಕೆಲಸ ನನ್ನದು. ಒಮ್ಮೊಮ್ಮೆ ಹಾಗೆ ಕತ್ತಲಲ್ಲಿ ನಿಂತಾಗ ಕೆಂಚನ ನೆನಪಾಗುತ್ತದೆ. ಚೀಲದಿಂದ ಬಿಟ್ಟ ಕೂಡಲೇ ಅದು ಮರದ ಬುಡ ಹುಡುಕಿಕೊಂಡು ಹೋಯಿತಲ್ಲ, ಗಾಡಿಯಲ್ಲಿ ಅಷ್ಟು ದೂರ ನನ್ನ ತೊಡೆಯ ಮೇಲೆ ಕೂತಿದ್ದರೂ ಚೀಲ ಒದ್ದೆ ಮಾಡಿರಲಿಲ್ಲ. ತಡೆದುಕೊಂಡಿತ್ತು. ಕಲಿಯಲು ಅದು ತಯಾರಿತ್ತು. ಬಾಗಿಲು ತೆಗೆಯುವವರೇ ನಮ್ಮನೆಯಲ್ಲಿ ಇರಲಿಲ್ಲ.